ಬೆಳಗಿನ ಓದಿನಿಂದ ಅಚ್ಚಿನ ಪುಟದವರೆಗೆ: ಸಭಾಪಾಲಕರ ಬರವಣಿಗೆಯ ದಾರಿ

ಸಭಾಪಾಲಕರು, ಅಂದರೆ ಕ್ರೈಸ್ತ ಸಭೆಯ ಪಾಸ್ಟರು, ಬರೆಯಲು ಕೂತರೆ ಸಾಮಗ್ರಿಗೆ ಬರವಿಲ್ಲ. ಬೆಳಗಿನ ವಾಕ್ಯಧ್ಯಾನದ ಟಿಪ್ಪಣಿ ಇರುತ್ತದೆ, ಭಾನುವಾರದ ಪ್ರಸಂಗಗಳಿರುತ್ತವೆ, ಸಭೆಯವರ ಮನೆಯಲ್ಲಿ, ಆಸ್ಪತ್ರೆಯಲ್ಲಿ, ಸಮಾಧಿಯ ಬಳಿ ಕೇಳಿಸಿಕೊಂಡ ಮಾತುಗಳಿರುತ್ತವೆ. ಇಷ್ಟೆಲ್ಲ ಇರುವಾಗ ಪುಸ್ತಕ ತಾನಾಗಿಯೇ ಆಗಿಬಿಡುತ್ತದೆ ಅನ್ನಿಸುವುದು ಸಹಜ. ಆದರೆ ಈ ಮೂರರಲ್ಲಿ ಯಾವುದೂ ಇದ್ದ ಹಾಗೇ ಪುಟಕ್ಕೆ ಇಳಿಯುವುದಿಲ್ಲ. ಟಿಪ್ಪಣಿ ತನಗಾಗಿ ಬರೆದುಕೊಂಡದ್ದು, ಪ್ರಸಂಗ ಎದುರಿಗೆ ಕೂತವರಿಗಾಗಿ ಆಡಿದ್ದು, ಮೂರನೆಯದಂತೂ ಇನ್ನೊಬ್ಬರು ನಂಬಿ ಒಪ್ಪಿಸಿದ್ದು. ಒಂದೊಂದನ್ನೂ ಬೇರೆ ಬೇರೆ ರೀತಿಯಲ್ಲಿ ಹದಗೊಳಿಸಬೇಕು. ಆ ಹದ ನಾನು ಕಂಡುಕೊಂಡ ಕ್ರಮದಲ್ಲೇ ಇಲ್ಲಿದೆ.

ಎಲ್ಲಕ್ಕೂ ಬುಡ ಬೆಳಗಿನ ಓದು. ಪ್ರೊಟೆಸ್ಟಂಟ್ ಸಭೆಗಳು ಬಳಸುವ 66 ಪುಸ್ತಕಗಳ ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, 1,189 ಅಧ್ಯಾಯಗಳಿವೆ: ಹಳೆಯ ಒಡಂಬಡಿಕೆಯಲ್ಲಿ 929, ಹೊಸದರಲ್ಲಿ 260. ದಿನಕ್ಕೆ ಮೂರು ಓದಿ, ಭಾನುವಾರ ಐದು ಓದಿದರೆ ವರ್ಷದಲ್ಲಿ ಮುಗಿಯುತ್ತದೆ. ಕೀರ್ತನೆಗಳು 150, ದಿನಕ್ಕೆ ಐದರಂತೆ ತಿಂಗಳಿಗೆ ಒಂದು ಸುತ್ತು. ಲೆಕ್ಕ ಸುಲಭ, ಕಷ್ಟ ಇರುವುದು ಬೇರೆಡೆ. ಸೇವೆಯಲ್ಲಿ ಕೆಲವು ವರ್ಷ ಕಳೆದ ಮೇಲೆ ಯಾವ ವಾಕ್ಯ ತೆರೆದರೂ ಅದು ಪ್ರಸಂಗವಾಗಿಯೇ ಕಾಣತೊಡಗುತ್ತದೆ. ಓದುತ್ತಿರುವಾಗಲೇ ಮನಸ್ಸು ಮೂರು ಅಂಶ ಮಾಡಿ, ಉದಾಹರಣೆ ಹುಡುಕಿ, ಸಭೆಯಲ್ಲಿ ಯಾರಿಗೆ ಇದು ತಟ್ಟಬೇಕು ಎಂದು ಯೋಚಿಸುತ್ತಿರುತ್ತದೆ. ಆ ವಾಕ್ಯ ತನಗೆ ಏನು ಹೇಳಿತು ಎಂಬುದು ಉಳಿಯುವುದೇ ಇಲ್ಲ. ಹೀಗೆ ಒಣಗಿದ ನಂಬಿಕೆಯಿಂದ ಬರುವ ಬರಹ ಎಷ್ಟೇ ಸರಿಯಾಗಿದ್ದರೂ ಓದುಗರಿಗೆ ಅದರ ಒಣತನ ಗೊತ್ತಾಗುತ್ತದೆ.

ಅದಕ್ಕೆ ಪರಿಹಾರ ಸರಳ. ಸ್ವಂತ ಓದಿನ ಭಾಗ ಆ ವಾರದ ಪ್ರಸಂಗದ ಭಾಗವಾಗಿರಕೂಡದು. ಎರಡಕ್ಕೂ ಬೇರೆ ನೋಟ್‌ಬುಕ್ ಇರಲಿ. ಸ್ವಂತ ನೋಟ್‌ಬುಕ್ಕಿನಲ್ಲಿ ಎಡಪುಟದಲ್ಲಿ ತಾರೀಖು, ವಾಕ್ಯಭಾಗ, ನಾಲ್ಕೈದು ಸಾಲು, ಅದೂ ಪ್ರಾರ್ಥನೆಯ ರೂಪದಲ್ಲಿ. ಬಲಪುಟ ಖಾಲಿ. ಮುಂದಿನ ವರ್ಷ ಅದೇ ಭಾಗಕ್ಕೆ ಬಂದಾಗ ಬಲಪುಟದಲ್ಲಿ ಬರೆಯಬೇಕು. ಎರಡು ವರ್ಷಗಳ ಮಾತು ಎದುರುಬದುರಾಗಿ ಕೂತಾಗ ನಂಬಿಕೆ ಎಲ್ಲಿ ಬೆಳೆದಿದೆ, ಎಲ್ಲಿ ಬರಿದೇ ಹಳೆಯ ಮಾತನ್ನೇ ಹೇಳುತ್ತಿದೆ ಎಂಬುದು ಕಣ್ಣಿಗೇ ಕಾಣುತ್ತದೆ. ಮುಂದೆ ಬರೆಯುವ ಎಲ್ಲ ಒಳ್ಳೆಯ ಪುಟಗಳ ಬೀಜ ಈ ಬಲಪುಟಗಳಲ್ಲೇ ಸಿಗುತ್ತದೆ ಎಂದು ನಾನು ನಂಬುತ್ತೇನೆ.

ಪ್ರಲಾಪದ ಕೀರ್ತನೆಗಳನ್ನು ಬೇಗ ದಾಟಿಹೋಗುವ ಅಭ್ಯಾಸವೂ ಬರಹವನ್ನು ತೆಳುಮಾಡುತ್ತದೆ. 88ನೆಯ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ. ಕೊನೆಗೊಂದು ಸ್ತುತಿಯ ಸಾಲೂ ಇಲ್ಲ. ಮಗುವನ್ನು ಕಳೆದುಕೊಂಡವರ ಮನೆಗೆ ಹೋಗುವ ಸಭಾಪಾಲಕರಿಗೆ ಆ ಕೀರ್ತನೆ ಬೇಕೇ ಬೇಕು. ಅದನ್ನು ಹಾಗೆಯೇ ಮುಗಿಯಲು ಬಿಡುವ ಧೈರ್ಯ ಬರೆಯುವಾಗಲೂ ಬೇಕು.

ಸೇವೆಯ ಕರೆಯ ಬಗ್ಗೆ, ಅಂದರೆ ದೇವರು ತನ್ನನ್ನು ಈ ಸೇವೆಗೆ ಕರೆದದ್ದರ ಬಗ್ಗೆ, ಬರೆಯುವುದು ಹೆಚ್ಚಿನವರಿಗೆ ಮೊದಲ ಗಂಭೀರ ಬರವಣಿಗೆ. ದಕ್ಷಿಣ ಭಾರತ ಸಭೆಯಲ್ಲಿ, ಅಂದರೆ 1947ರ ಸೆಪ್ಟೆಂಬರ್ 27ರಂದು ರೂಪುಗೊಂಡ ಸಿಎಸ್‌ಐನಲ್ಲಿ, ದಾರಿ ಸ್ಥೂಲವಾಗಿ ಹೀಗಿದೆ: ಸ್ಥಳೀಯ ಸಭೆಯ ಶಿಫಾರಸು, ಡಯಾಸಿಸ್‌ನ (ಬಿಷಪ್ಪರ ಆಡಳಿತ ವಲಯದ) ಸಂದರ್ಶನ, ಸೆರಾಂಪುರ ಸೆನೆಟ್‌ಗೆ ಸೇರಿದ ದೇವತಾಶಾಸ್ತ್ರದ ಕಾಲೇಜಿನಲ್ಲಿ ಬಿ.ಡಿ. (ಬ್ಯಾಚಲರ್ ಆಫ್ ಡಿವಿನಿಟಿ) ಪದವಿ, ಆಮೇಲೆ ಸಭೆಗಳಲ್ಲಿ ಪರೀಕ್ಷಾವಧಿ, ಮೊದಲು ಡೀಕನ್ ಆಗಿ, ಅಂದರೆ ಸಹಾಯಕ ಸೇವಕನಾಗಿ ಅಭಿಷೇಕ, ಅನಂತರ ಪ್ರೆಸ್ಬಿಟರ್ ಆಗಿ, ಅಂದರೆ ಪೂರ್ಣ ಸಭಾಪಾಲಕನಾಗಿ. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಕನ್ನಡದ ಅಭ್ಯರ್ಥಿಗಳಿಗೆ ಪರಿಚಿತ ಹೆಸರುಗಳು. ಬ್ಯಾಪ್ಟಿಸ್ಟ್, ಪೆಂತೆಕೋಸ್ತ ಸಭೆಗಳಲ್ಲಿ ಸ್ಥಳೀಯ ಸಭೆಯ ನಿರ್ಣಯಕ್ಕೆ ಇನ್ನೂ ಹೆಚ್ಚಿನ ತೂಕ. ದಾರಿ ಯಾವುದೇ ಇರಲಿ, ಒಂದು ಹಂತದಲ್ಲಿ, ನಿನ್ನ ಕರೆ ಏನು, ಬರೆದು ಕೊಡು ಎಂದು ಕೇಳಿಯೇ ಕೇಳುತ್ತಾರೆ.

ಇಲ್ಲಿ ಸಾಮಾನ್ಯವಾಗಿ ಆಗುವ ತೊಂದರೆ ಎಂದರೆ, ಬರಹವೆಲ್ಲ ಒಂದು ಕನಸು, ಒಂದು ಧ್ವನಿ, ಒಂದು ಕಣ್ಣೀರಿನ ರಾತ್ರಿಯಲ್ಲೇ ಮುಗಿದುಹೋಗುವುದು. ಅವು ಸುಳ್ಳೆಂದಲ್ಲ. ಆದರೆ 1 ತಿಮೊಥೆ 3ನೆಯ ಅಧ್ಯಾಯ ಸಭಾಧ್ಯಕ್ಷನಲ್ಲಿ ಹುಡುಕುವುದನ್ನು ನೋಡಿ: ಬೋಧಿಸುವ ಶಕ್ತಿ ಎಂಬುದೊಂದನ್ನು ಬಿಟ್ಟರೆ ಹೆಚ್ಚುಕಡಿಮೆ ಎಲ್ಲವೂ ನಡತೆಗೆ ಸೇರಿದ್ದು. ಮನೆಯನ್ನು ನಡೆಸುವ ರೀತಿ, ಹಣದಾಸೆ ಇಲ್ಲದಿರುವುದು, ಹೊಸದಾಗಿ ನಂಬಿದವನಾಗಿರದಿರುವುದು, ಸಭೆಯ ಹೊರಗಿನವರಿಂದಲೂ ಒಳ್ಳೆಯವನೆನಿಸಿಕೊಂಡಿರುವುದು. ಇವನ್ನೆಲ್ಲ ಬೇರೆಯವರೇ ಕಂಡು ಹೇಳಬೇಕಾದದ್ದು. ಹಾಗಾಗಿ ಕರೆಯ ಬರಹದಲ್ಲಿ ಅರ್ಧ ಭಾಗ ಸಭೆ ಕಂಡದ್ದಕ್ಕೆ ಮೀಸಲಾಗಿರಬೇಕು: ಯಾವ ಸೇವೆ ಒಪ್ಪಿಸಿದರು, ಎಷ್ಟು ಕಾಲ ಮಾಡಿದ್ದು, ಯಾರು ಹೌದೆಂದರು, ಯಾರು ಇನ್ನೂ ತಡೆದುಕೋ ಎಂದರು. ತಡೆದುಕೋ ಎಂದವರ ಮಾತನ್ನೂ ಬರೆದಿರುವ ಅರ್ಜಿಯ ಮೇಲೆ ನನಗೆ ಹೆಚ್ಚು ಭರವಸೆ.

ಇದಕ್ಕೆ ಒಡಹುಟ್ಟಿದಂತಿರುವುದು ಸಾಕ್ಷಿ, ಅಂದರೆ ದೇವರು ತನ್ನ ಬಾಳಿನಲ್ಲಿ ಮಾಡಿದ್ದನ್ನು, ಬರೆಯುವ ಕೆಲಸ. ಅದನ್ನು ಕಲಿಯಲು ಹೊಸ ಒಡಂಬಡಿಕೆಯ ಅಪೊಸ್ತಲರ ಕೃತ್ಯಗಳು ಎಂಬ ಪುಸ್ತಕಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕ್ರೈಸ್ತರನ್ನು ಹಿಂಸಿಸುತ್ತಿದ್ದ ಪೌಲನಿಗೆ ದಮಸ್ಕದ ದಾರಿಯಲ್ಲಿ ಕ್ರಿಸ್ತನು ಎದುರಾದ ಸಂಗತಿ ಅಲ್ಲಿ ಮೂರು ಸಲ ಬರುತ್ತದೆ. 9ನೆಯ ಅಧ್ಯಾಯದಲ್ಲಿ ಪುಸ್ತಕ ಬರೆದ ಲೂಕನೇ ಹೇಳುತ್ತಾನೆ. 22ರಲ್ಲಿ ಪೌಲ ಯೆರೂಸಲೇಮಿನಲ್ಲಿ ರೊಚ್ಚಿಗೆದ್ದ ಗುಂಪಿನ ಮುಂದೆ ಅವರದೇ ಭಾಷೆಯಲ್ಲಿ ಹೇಳುತ್ತಾನೆ. ಅಲ್ಲಿ ಯೆಹೂದಿ ಗುರು ಗಮಲಿಯೇಲನ ಪಾದದ ಬಳಿ ಕಲಿತದ್ದು ಮೊದಲು ಬರುತ್ತದೆ, ಕುರುಡಾದ ತನಗೆ ಮತ್ತೆ ಕಣ್ಣು ಕಾಣುವಂತೆ ಮಾಡಿದ ಅನನೀಯನು ಧರ್ಮಶಾಸ್ತ್ರಕ್ಕೆ ತಕ್ಕಂತೆ ನಡೆದವನು, ಯೆಹೂದ್ಯರೆಲ್ಲರ ಮೆಚ್ಚುಗೆ ಪಡೆದವನು ಎಂದು ಒತ್ತಿ ಹೇಳುತ್ತಾನೆ. 26ರಲ್ಲಿ ಅಗ್ರಿಪ್ಪ ರಾಜನ ಮುಂದೆ ಹೇಳುವಾಗ ಅನನೀಯನ ಹೆಸರೇ ಇಲ್ಲ, ಕಣ್ಣು ಕಾಣದೆ ಹೋದದ್ದೂ ಇಲ್ಲ. ಅಲ್ಲಿ ಮುಂದೆ ನಿಲ್ಲುವುದು ಕರ್ತನು ಒಪ್ಪಿಸಿದ ಕೆಲಸ. ಸಂಗತಿ ಅದೇ, ಕೇಳುವವರು ಬೇರೆ. ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬ ತೀರ್ಮಾನ ಕೇಳುವವರನ್ನು ನೋಡಿ ಆಗಿದೆ.

ಸಾಕ್ಷಿಯ ಬರಹ ಕೆಡುವ ಬಗೆಗಳು ಬಹುತೇಕ ಒಂದೇ. ಹಳೆಯ ಬಾಳಿನ ವರ್ಣನೆಗೆ ಮುಕ್ಕಾಲು ಪುಟ, ಕೃಪೆಗೆ ಕೊನೆಯ ಎರಡು ಸಾಲು. ನಂಬಿದ ದಿನದ ನಂತರ ಕಷ್ಟವೇ ಬರಲಿಲ್ಲ ಎಂಬಂಥ ಮಾತು. ಮೊದಲಿದ್ದ ಧರ್ಮದವರನ್ನು ಹೀಗಳೆಯುವ ಸಾಲು, ಅದು ಸತ್ಯಕ್ಕೂ ಪ್ರೀತಿಗೂ ದೂರ. ಎಲ್ಲಕ್ಕಿಂತ ಎಚ್ಚರ ಬೇಕಾದದ್ದು ಸ್ವಸ್ಥತೆಯ ಸಾಕ್ಷಿಯಲ್ಲಿ. ವಾಸಿಯಾಯಿತು ಎಂದು ಅಚ್ಚಿಸುವ ಮೊದಲು ವೈದ್ಯರ ವರದಿ ನೋಡಲೇಬೇಕು, ಚಿಕಿತ್ಸೆ ನಡೆಯುತ್ತಿದ್ದರೆ ಅದನ್ನು ಅದೇ ಪ್ಯಾರಾದಲ್ಲಿ ಹೇಳಲೇಬೇಕು. ಸಕ್ಕರೆ ಕಾಯಿಲೆಯ, ಅಪಸ್ಮಾರದ, ಮಾನಸಿಕ ಕಾಯಿಲೆಯ ಮಾತ್ರೆಯನ್ನು ಒಂದು ಸಾಕ್ಷಿ ಓದಿ ನಿಲ್ಲಿಸಿಬಿಡುವವರು ಇದ್ದಾರೆ. ಬರೆದವರಿಗೆ ಆ ಓದುಗರು ಕಾಣುವುದಿಲ್ಲ. ಕಾಣದಿದ್ದರೂ ಅವರ ಹೊಣೆ ಬರೆದವರ ಮೇಲಿದೆ.

ಇನ್ನು ಪ್ರಸಂಗ. ಹಲವು ಸಭೆಗಳು ಭಾನುವಾರಗಳಲ್ಲಿ ಓದಬೇಕಾದ ಭಾಗಗಳ, ಮೂರು ವರ್ಷಕ್ಕೊಮ್ಮೆ ಸುತ್ತು ಬರುವ ವಾಕ್ಯಪಟ್ಟಿ ಅನುಸರಿಸುತ್ತವೆ: ಒಂದು ವರ್ಷ ಮತ್ತಾಯ, ಒಂದು ವರ್ಷ ಮಾರ್ಕ, ಒಂದು ವರ್ಷ ಲೂಕ, ಯೋಹಾನ ನಡುನಡುವೆ. ಪಟ್ಟಿ ಇದ್ದರೆ ಪ್ರಿಯವಾದ ಹತ್ತಿಪ್ಪತ್ತು ಭಾಗಗಳಲ್ಲೇ ಸುತ್ತುವ ಅಪಾಯ ತಪ್ಪುತ್ತದೆ. ವಾರದ ಕ್ರಮ ಹೀಗೆ: ಸೋಮವಾರ ಭಾಗವನ್ನು ಗಟ್ಟಿಯಾಗಿ ಓದುವುದು, ಅದರ ಹಿಂದಿನ ಅಧ್ಯಾಯ ಮತ್ತು ಮುಂದಿನ ಅಧ್ಯಾಯ ಸೇರಿಸಿ. ಮಂಗಳವಾರ ಇನ್ನೆರಡು ಅನುವಾದಗಳ ಜೊತೆ ಹೋಲಿಸಿ, ಯಾರು ಮಾತಾಡುತ್ತಿದ್ದಾರೆ, ಯಾರೊಂದಿಗೆ, ಎಲ್ಲಿ ಎಂದು ಬರೆದುಕೊಳ್ಳುವುದು. ಬುಧವಾರಕ್ಕೆ ಮೊದಲು ವ್ಯಾಖ್ಯಾನ ಗ್ರಂಥಗಳನ್ನು ಮುಟ್ಟಕೂಡದು, ಮುಟ್ಟಿದರೆ ಸ್ವಂತ ಕಣ್ಣು ಕೆಲಸ ನಿಲ್ಲಿಸುತ್ತದೆ. ಗುರುವಾರ ಇಡೀ ಪ್ರಸಂಗವನ್ನು ಒಂದೇ ವಾಕ್ಯದಲ್ಲಿ ಬರೆಯುವುದು. ಆ ವಾಕ್ಯದಲ್ಲಿ ದೇವರು ಕರ್ತೃವಾಗಿರಬೇಕು, ಕ್ರಿಯೆ ಇರಬೇಕು. 'ಕ್ಷಮೆಯ ಮಹತ್ವ' ಎಂಬುದು ತಲೆಬರಹ ಮಾತ್ರ. 'ಕ್ಷಮಿಸಲ್ಪಟ್ಟವನು ಸಾಲ ವಸೂಲಿಗೆ ಹೊರಟಾಗ ದೇವರು ಅವನನ್ನು ತಡೆದು ನಿಲ್ಲಿಸುತ್ತಾನೆ' ಎಂದರೆ ಅದು ಮಾತು. ಶುಕ್ರವಾರ ಪೂರ್ತಿ ಬರಹ, ಶನಿವಾರ ಗಟ್ಟಿಯಾಗಿ ಓದಿ ಕಡಿತ.

ಕೆಡುವುದು ಎಲ್ಲಿ? ಸೋಮವಾರದ ಓದಿನಲ್ಲೇ. ಯೆರೆಮೀಯ 29:11ರ ಒಳ್ಳೆಯ ಭವಿಷ್ಯದ ಮಾತನ್ನು ಕ್ಯಾಲೆಂಡರುಗಳಲ್ಲಿ ಎಲ್ಲರೂ ನೋಡಿರುತ್ತೇವೆ. ಅದರ ಹಿಂದಿನ ವಚನ, ಸೆರೆಹೋದವರು ಬಾಬೆಲಿನಲ್ಲಿ 70 ವರ್ಷ ಕಳೆಯಬೇಕು ಎನ್ನುತ್ತದೆ. ಕೇಳಿಸಿಕೊಂಡವರಲ್ಲಿ ಬಹಳ ಮಂದಿ ಮರಳುವ ದಿನ ನೋಡದೆ ಸಾಯುವವರು. ಫಿಲಿಪ್ಪಿ 4:13ರ ಬಲವೂ 12ನೆಯ ವಚನದ ಹಸಿವು, ಕೊರತೆಯನ್ನು ತಾಳಿಕೊಳ್ಳುವ ಬಲ. ಒಂದು ವಚನ ಹಿಂದೆ ಓದಿದ್ದರೆ ಸಾಕಿತ್ತು ಎನ್ನುವಂಥ ಪ್ರಸಂಗಗಳು ಬೇಕಷ್ಟಿವೆ. ಮಾತಿನಲ್ಲಿ ಅದು ಗಾಳಿಗೆ ಹೋಗುತ್ತದೆ, ಅಚ್ಚಾದರೆ ಹಾಗೆಯೇ ನಿಲ್ಲುತ್ತದೆ.

ಪ್ರಸಂಗವನ್ನು ಲೇಖನ ಮಾಡುವಾಗ ಧ್ವನಿಮುದ್ರಣ ಕೇಳಿ ಇಳಿಸಿಕೊಂಡು, ಅದನ್ನೇ ತಿದ್ದುವುದು ರೂಢಿಯಲ್ಲಿದೆ. ಇದು ದೂರದ ದಾರಿ. ಕನ್ನಡದಲ್ಲಿ ನಿಧಾನವಾಗಿ ನಿಮಿಷಕ್ಕೆ ಸುಮಾರು 90 ಪದದಂತೆ ಆಡಿದರೆ 25 ನಿಮಿಷದ ಪ್ರಸಂಗ 2,250 ಪದಗಳಾಗುತ್ತದೆ. ಅದರ ಸತ್ವ ಓದಿಗೆ 1,000ದಿಂದ 1,200 ಪದಗಳಲ್ಲಿ ಹಿಡಿಯುತ್ತದೆ. ಉಳಿದದ್ದೆಲ್ಲ ಕಿವಿಗೆ ಬೇಕಾದ ಪುನರಾವೃತ್ತಿ, ಸಂಬೋಧನೆ, ನಿಲುಗಡೆಯ ಮಾತು, ಎಲ್ಲರೂ ಪುಟ ತೆರೆಯಲಿ ಎಂದು ಕೊಡುವ ಸಮಯ. ತಿದ್ದುತ್ತ ಕೂತರೆ ಇವು ಒಂದೊಂದಾಗಿ ಕಿತ್ತ ಜಾಗಗಳು ಗುಂಡಿಗಳಂತೆ ಉಳಿಯುತ್ತವೆ. ಅದಕ್ಕಿಂತ ಗುರುವಾರದ ಒಂದು ವಾಕ್ಯ ತೆಗೆದುಕೊಂಡು, ಇಳಿಸಿದ ಪ್ರತಿಯನ್ನು ಮುಚ್ಚಿಟ್ಟು, ಹೊಸದಾಗಿ ಬರೆಯುವುದು ಬೇಗ ಆಗುತ್ತದೆ, ಚೆನ್ನಾಗಿಯೂ ಆಗುತ್ತದೆ. ಪ್ರಸಂಗ ಕೊಟ್ಟ ವಾರವೇ ಬರೆಯಬೇಡಿ. ಸಭೆಯವರ ಮುಖ, ಅವರ ತಲೆದೂಗು ಇನ್ನೂ ನೆನಪಿನಲ್ಲಿರುತ್ತದೆ, ಪುಟದಲ್ಲಿ ಇಲ್ಲದ ಬಲ ಇದೆಯೆಂದು ತೋರುತ್ತದೆ. ತಿಂಗಳು ಬಿಡಿ.

ಲೇಖನಕ್ಕೆ ವಚನಗಳ ಉಲ್ಲೇಖ ಎಷ್ಟಿರಬೇಕು ಎಂಬುದರಲ್ಲಿ ನನ್ನ ಮಿತಿ ನಾಲ್ಕೈದು. ಪ್ರತಿ ಸಾಲಿಗೂ ಆವರಣದಲ್ಲಿ ಅಧ್ಯಾಯ, ವಚನ ಬಂದರೆ ಓದು ಕುಂಟುತ್ತದೆ. ಒಂದೇ ಭಾಗವನ್ನು ಆಳವಾಗಿ ತೆರೆದು ತೋರಿಸುವುದು ಮೇಲು. ಭಾಷೆಯ ವಿಷಯದಲ್ಲಿ, ಹಳೆಯ ಸತ್ಯವೇದದ ವಾಕ್ಯಗತಿ ನಮ್ಮ ಬಾಯಲ್ಲಿ ಎಷ್ಟು ನೆಲೆಯೂರಿದೆಯೆಂದರೆ ಸ್ವಂತ ಮಾತೂ ಅದೇ ಧಾಟಿಗೆ ಇಳಿದುಬಿಡುತ್ತದೆ. ಉದ್ಧರಣೆ ಹಾಗಿರಲಿ, ನಮ್ಮ ಸಾಲು ಇಂದಿನ ಕನ್ನಡದಲ್ಲಿರಲಿ. ಸಭೆಯ ಹೊರಗಿನ ಒಬ್ಬ ಸ್ನೇಹಿತರಿಗೆ ಓದಲು ಕೊಟ್ಟರೆ ಎಲ್ಲಿ ತೊಡಕಿದೆ ಎಂದು ಒಂದೇ ಓದಿಗೆ ತೋರಿಸುತ್ತಾರೆ. ಕನ್ನಡದ ಕ್ರೈಸ್ತ ಬರವಣಿಗೆಗೆ ಈ ಹೊರಗಿನ ಕಿವಿಯ ಪರಂಪರೆಯೇ ಇದೆ. ಬಾಸೆಲ್ ಮಿಷನ್ನಿನ ಹೆರ್ಮನ್ ಮೋಗ್ಲಿಂಗ್ 1843ರಲ್ಲಿ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಡಿಸಿದ್ದು ಸಭೆಯವರಿಗಷ್ಟೇ ಆಗಿರಲಿಲ್ಲ, ಊರಿನ ಸುದ್ದಿ, ಕಾನೂನು, ಪದಗಳು ಎಲ್ಲ ಅದರಲ್ಲಿದ್ದವು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟೆಲ್ 1853ರಲ್ಲಿ ಇಲ್ಲಿಗೆ ಬಂದವರು, ಸುಮಾರು 70,000 ಪದಗಳ ಅವರ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷ ಅವರು ಮಾಡಿದ್ದು ಹೆಚ್ಚಾಗಿ ಕೇಳಿಸಿಕೊಳ್ಳುವ ಕೆಲಸ, ಬರೆದುಕೊಳ್ಳುವ ಕೆಲಸ.

ಮೂರನೆಯ ಸಾಮಗ್ರಿಗೆ ಬರುತ್ತೇನೆ. ಇಲ್ಲಿ ನನ್ನ ನಿಲುವು ಕಟ್ಟುನಿಟ್ಟು. ಸಭಾಪಾಲಕರ ಮುಂದೆ ಒಬ್ಬರು ಅತ್ತು ಹೇಳಿದ ಮಾತು ಬರವಣಿಗೆಯ ಸಾಮಗ್ರಿಯಲ್ಲ. ಹೆಸರು ಬದಲಾಯಿಸಿದರೆ ಸಾಲದು. ನೂರು ಕುಟುಂಬಗಳ ಸಭೆಯಲ್ಲಿ, 'ಗಂಡನನ್ನು ಕಳೆದುಕೊಂಡ ಒಬ್ಬ ಶಿಕ್ಷಕಿ' ಎಂದರೆ ಯಾರೆಂದು ಎಲ್ಲರಿಗೂ ಗೊತ್ತು. ಹೇಳಿದವರಿಗಂತೂ ಗೊತ್ತೇ ಇರುತ್ತದೆ. ಅವರು ಇನ್ನೊಮ್ಮೆ ಬಾಯಿ ಬಿಡುವುದಿಲ್ಲ, ಅವರನ್ನು ನೋಡಿ ಉಳಿದವರೂ ಬಿಡುವುದಿಲ್ಲ. ಒಂದು ಪುಟಕ್ಕಾಗಿ ವರ್ಷಗಳ ವಿಶ್ವಾಸ ಹೋಗುತ್ತದೆ.

ಯಾರ ಸಂಗತಿಯಾದರೂ ನಿಜವಾಗಿ ಬೇಕೆನಿಸಿದರೆ ಬರೆದ ಪುಟವನ್ನೇ ಅವರ ಕೈಗೆ ಕೊಟ್ಟು ಓದಿಸಬೇಕು. ಬಾಯಿಮಾತಿನಲ್ಲಿ ಕೇಳಿದರೆ ಪಾಸ್ಟರ್ ಕೇಳುತ್ತಿದ್ದಾರಲ್ಲ ಎಂಬ ದಾಕ್ಷಿಣ್ಯಕ್ಕೆ ಹೂಂ ಅನ್ನುತ್ತಾರೆ. ಬೇಡ ಎನ್ನಲು ಸುಲಭವಾಗುವಂತೆ ಒಂದು ವಾರ ಬಿಟ್ಟು, ಬೇರೆಯವರ ಮೂಲಕ ಉತ್ತರ ಕಳಿಸಲು ಹೇಳಬೇಕು. ಒಪ್ಪಿಗೆ ಬರಹದಲ್ಲಿರಲಿ, ಅಚ್ಚಿಗೆ ಹೋಗುವ ಮುನ್ನ ಮತ್ತೊಮ್ಮೆ ಕೇಳಿ. ತೀರಿಕೊಂಡವರ ಬಗ್ಗೆಯಾದರೆ ಮನೆಯವರೆಲ್ಲರ ಒಪ್ಪಿಗೆ, ಒಬ್ಬ ಮಗನದಷ್ಟೇ ಅಲ್ಲ. ಮಕ್ಕಳ ಸಂಗತಿ ಬರೆಯಲೇಕೂಡದು, ಪಾಸ್ಟರರ ಸ್ವಂತ ಮಕ್ಕಳದ್ದೂ ಸೇರಿ. ಹಾಗಾದರೆ ಜನರ ನೋವಿನಿಂದ ಕಲಿತದ್ದು ಬರಹಕ್ಕೆ ಬರುವುದು ಹೇಗೆ? ಪ್ರಶ್ನೆಗಳ ರೂಪದಲ್ಲಿ. ಅವರು ಕೇಳಿದ ಪ್ರಶ್ನೆ ಯಾರದೂ ಆಗಬಹುದು. ಸತ್ಯವೇದದ ಯೋಬನ ಪುಸ್ತಕದಲ್ಲಿ, ಹಬಕ್ಕೂಕನ ಪುಸ್ತಕದಲ್ಲಿ ಅದೇ ಪ್ರಶ್ನೆ ಇರುತ್ತದೆ. ಅಲ್ಲಿ ಇಟ್ಟು ಬರೆದರೆ ಯಾರ ಮನೆಯ ಬಾಗಿಲನ್ನೂ ತೆರೆದಂತಾಗುವುದಿಲ್ಲ, ಕೇಳಿದವರು ಮಾತ್ರ ತಮಗೆ ಉತ್ತರ ಬಂತೆಂದು ತಿಳಿಯುತ್ತಾರೆ.

ಬರವಣಿಗೆ ನಿಂತುಹೋಗುವ ಕಾಲವೂ ಬರುತ್ತದೆ. ಕ್ರಿಸ್‌ಮಸ್, ತಪಸ್ಸು ಕಾಲ, ಈಸ್ಟರ್ ಬೆನ್ನುಬೆನ್ನಿಗೆ, ನಡುವೆ ಮದುವೆ, ಸಮಾಧಿ ಸಂಸ್ಕಾರ. 1 ಅರಸುಗಳು 19ರಲ್ಲಿ ಸಾಕಾಗಿ ಮಲಗಿದ ಪ್ರವಾದಿ ಎಲೀಯನಿಗೆ ದೇವರು ಮೊದಲು ಕೊಟ್ಟದ್ದು ರೊಟ್ಟಿ, ನೀರು, ನಿದ್ದೆ, ಮತ್ತೆ ರೊಟ್ಟಿ. ಮಾತು ಆಮೇಲೆ. ದಣಿದಾಗ ಬರೆದದ್ದು ಗದರಿಕೆಯ ಧಾಟಿಯಲ್ಲಿರುತ್ತದೆ, ಇದನ್ನು ಯಾರ ಬರಹದಲ್ಲಾದರೂ ಗುರುತಿಸಬಹುದು. ಅಂಥ ದಿನಗಳಲ್ಲಿ ಎಡಪುಟದ ನಾಲ್ಕು ಸಾಲು ಸಾಕು. ಬರೆದದ್ದು ಕಳೆದುಹೋದರೆ ಯೆರೆಮೀಯ 36 ಇದೆ: ಪ್ರವಾದಿ ಯೆರೆಮೀಯ ಹೇಳಿ ಬಾರೂಕನಿಂದ ಬರೆಸಿದ ಸುರುಳಿಯನ್ನು ರಾಜ ಯೆಹೋಯಾಕೀಮ ಕತ್ತರಿಸಿ ಕತ್ತರಿಸಿ ಬೆಂಕಿಗೆ ಹಾಕಿದ, ಪ್ರವಾದಿ ಮತ್ತೆ ಹೇಳಿ ಬರೆಸಿದ, ಎರಡನೆಯ ಸುರುಳಿಯಲ್ಲಿ ಮಾತುಗಳು ಇನ್ನೂ ಹೆಚ್ಚಿದ್ದವು. ನಮ್ಮ ಕಾಲಕ್ಕೆ ಪ್ರತಿ ಫೈಲಿನ ಎರಡು ಪ್ರತಿ ಬೇರೆ ಬೇರೆ ಕಡೆ ಇಡುವುದೂ ಅಗತ್ಯ.

ಪುಸ್ತಕಕ್ಕೆ ಹತ್ತು ಹನ್ನೆರಡು ಲೇಖನ, ಒಂದೇ ವಿಷಯದ ಸುತ್ತ. ಇಪ್ಪತ್ತು ವರ್ಷಗಳ ಪ್ರಸಂಗಗಳನ್ನೆಲ್ಲ ತುಂಬಿದ 400 ಪುಟ ಯಾರೂ ಓದುವುದಿಲ್ಲ, ಗೌರವಕ್ಕೆ ಕೊಂಡು ಕಪಾಟಿನಲ್ಲಿಡುತ್ತಾರೆ. ಡೆಮಿ ಅಳತೆಯಲ್ಲಿ 96ರಿಂದ 128 ಪುಟ ಒಳ್ಳೆಯ ಗಾತ್ರ. ಅಚ್ಚು ಫಾರಂ, ಅಂದರೆ ಮಡಿಸಿದ ದೊಡ್ಡ ಹಾಳೆಯ, ಲೆಕ್ಕದಲ್ಲಿ ಆಗುವುದರಿಂದ ಪುಟಸಂಖ್ಯೆ 16ರ ಗುಣಕದಲ್ಲಿ ನಿಲ್ಲುವಂತೆ ನೋಡಿಕೊಳ್ಳಬೇಕು. ಉದ್ಧರಿಸಿದ ಸತ್ಯವೇದದ ಅನುವಾದಕ್ಕೆ ಹಕ್ಕುದಾರರು ಇರುತ್ತಾರೆ. ಭಾರತೀಯ ಸತ್ಯವೇದ ಸಂಘದ ಮುಖ್ಯ ಕಚೇರಿ ಬೆಂಗಳೂರಿನಲ್ಲೇ ಇದೆ. ದೀರ್ಘ ಉದ್ಧರಣೆಗಳಿದ್ದರೆ ಬರೆದು ಅನುಮತಿ ಕೇಳಿ, ಯಾವ ಅನುವಾದ ಎಂದು ಹಕ್ಕಿನ ಪುಟದಲ್ಲಿ ನಮೂದಿಸಿ. ಹಾಡುಗಳ ವಿಷಯದಲ್ಲಿ ಭಾರತದ ಕಾಯ್ದೆಯಂತೆ ಬರೆದವರು ತೀರಿಕೊಂಡು 60 ವರ್ಷವಾಗುವವರೆಗೆ ಹಕ್ಕು ಉಳಿದಿರುತ್ತದೆ. ಸಭೆಯಲ್ಲಿ ಹಾಡುತ್ತೇವೆ ಎಂಬುದು ಅಚ್ಚಿಸಲು ಅನುಮತಿಯಲ್ಲ. ಪುಸ್ತಕವನ್ನು ಗುರುತಿಸುವ ಐಎಸ್‌ಬಿಎನ್ ಸಂಖ್ಯೆ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿಯಿಂದ ಉಚಿತವಾಗಿ ಸಿಗುತ್ತದೆ, ಮಧ್ಯವರ್ತಿಗೆ ಹಣ ಕೊಡಬೇಕಿಲ್ಲ. 1954ರ ಕಾಯ್ದೆಯಂತೆ ಪ್ರಕಟವಾದ 30 ದಿನಗಳೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಇನ್ನು ಮೂರು ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸುವುದು ಪ್ರಕಾಶಕರ ಕರ್ತವ್ಯ. ಸ್ವಂತವಾಗಿ ಪ್ರಕಟಿಸಿದರೆ ಆ ಪ್ರಕಾಶಕರು ನೀವೇ.

ಅಚ್ಚಿನ ಮನೆಯಲ್ಲಿ ಕನ್ನಡ ಕೆಡುವುದು ಹೆಚ್ಚಾಗಿ ಫಾಂಟ್ ಬದಲಾವಣೆಯಲ್ಲಿ. ನುಡಿ ತಂತ್ರಾಂಶದ ಹಳೆಯ ಆಸ್ಕಿ ಅಕ್ಷರದಲ್ಲಿ ಬೆರಳಚ್ಚು ಮಾಡಿದ್ದನ್ನು ಯೂನಿಕೋಡ್‌ಗೆ ತಂದಾಗ ಒತ್ತಕ್ಷರ ಬಿಟ್ಟುಹೋಗುತ್ತದೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹೋಗಿ ಕೂರುತ್ತದೆ, ದುಃಖದ ವಿಸರ್ಗ ಕೋಲನ್ ಆಗಿರುತ್ತದೆ. ಆದ್ದರಿಂದ ಪ್ರೂಫ್ ಮೂರು ಸಲ, ಮೂರು ಬೇರೆ ಕೆಲಸಗಳಾಗಿ: ಮೊದಲ ಸಲ ಅಕ್ಷರ ಮಾತ್ರ, ಎರಡನೆಯ ಸಲ ವಚನಸಂಖ್ಯೆ ಮಾತ್ರ, ಪ್ರತಿಯೊಂದನ್ನೂ ಸತ್ಯವೇದ ತೆರೆದು ನೋಡಿ, ಮೂರನೆಯ ಸಲ ಗಟ್ಟಿಯಾಗಿ ಪೂರ್ತಿ ಓದು. ಎಲ್ಲವನ್ನೂ ಒಂದೇ ಸಲ ನೋಡಲು ಹೋದವರ ಕೈಯಿಂದ ತಪ್ಪುವುದು ವಚನಸಂಖ್ಯೆಯೇ. 1 ಯೋಹಾನ ಎಂಬುದು ಯೋಹಾನ ಆಗಿಬಿಟ್ಟರೆ ಓದುಗರು ಯೋಹಾನನ ಪತ್ರದ ಬದಲು ಅವನ ಸುವಾರ್ತೆಯಲ್ಲಿ ಹುಡುಕಿ ಸೋಲುತ್ತಾರೆ.

ಮೊದಲ ಮುದ್ರಣಕ್ಕೆ ಡಿಜಿಟಲ್ ಅಚ್ಚಿನಲ್ಲಿ 100 ಪ್ರತಿ ಸಾಕು. 500ರ ಆಸುಪಾಸಿಗೆ ಹೋದರೆ ಮಾತ್ರ ಆಫ್‌ಸೆಟ್ ಲೆಕ್ಕಕ್ಕೆ ಬರುತ್ತದೆ. ಖರ್ಚು ಸಭೆಯ ಖಾತೆಯಿಂದಲೋ ಸ್ವಂತದ್ದೋ, ಮಾರಾಟದ ಹಣ ಎಲ್ಲಿಗೆ ಎಂಬುದನ್ನು ಅಚ್ಚಿಗೆ ಕೊಡುವ ಮೊದಲೇ ಸಭಾ ಸಮಿತಿಯ ನಡಾವಳಿಯಲ್ಲಿ ಬರೆಸಿ. ಆರಾಧನೆ ಮುಗಿದ ಕೂಡಲೇ ಬಾಗಿಲಲ್ಲಿ ನಿಂತು ಪಾಸ್ಟರೇ ಮಾರಕೂಡದು, ಕೊಳ್ಳಲಾಗದವರು ಕೈಕುಲುಕದೆ ಹಿಂದಿನ ಬಾಗಿಲಿನಿಂದ ಹೋಗುತ್ತಾರೆ. ಒಂದು ಪ್ರತಿಯನ್ನು ಮೇಜಿನ ಮೇಲೆ ತಿದ್ದುಪಡಿಗೆಂದೇ ಇಟ್ಟುಕೊಳ್ಳಿ. ಓದಿದವರು ತೋರಿಸಿದ ತಪ್ಪನ್ನೆಲ್ಲ ಆಯಾ ಪುಟದಲ್ಲೇ ಕೆಂಪು ಶಾಯಿಯಲ್ಲಿ ಗುರುತಿಸಿ, ತೋರಿಸಿದವರ ಹೆಸರನ್ನೂ ಬರೆದಿಡಿ. ಎರಡನೆಯ ಮುದ್ರಣಕ್ಕೆ ಕೊಡುವುದು ಆ ಪ್ರತಿಯನ್ನೇ.